ಘಟ್ಟದಲ್ಲಿ ಕಾದು ನಿಂತ ಆಲ್ಟೊ: ಎಂಜಿನ್ ಬದಲಿಸಬೇಕೇ, ರಿಪೇರಿ ಸಾಕೇ?

ಪ್ರಶ್ನೆ: ನಾನು ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಚಿಕ್ಕಪ್ಪ ಕೊಟ್ಟ 2012ರ ಆಲ್ಟೊ ಕಾರು (796 ಸಿಸಿ, ಪೆಟ್ರೋಲ್) ನನ್ನ ಬಳಿ ಇದೆ. ಮಂಗಳೂರಿನಿಂದ ಬರುವಾಗ ಸಂಪಾಜೆ ಘಟ್ಟದಲ್ಲಿ ಕೊಯನಾಡು ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ರಾತ್ರಿಯ ಮಳೆಯಲ್ಲಿ ನಿಲ್ಲಿಸಲು ಹೆದರಿ ಮದೆನಾಡಿನ ಹತ್ತಿರದವರೆಗೆ ಓಡಿಸಿದೆ; ಅಲ್ಲಿ ಎಂಜಿನ್ ತಾನಾಗಿಯೇ ನಿಂತುಹೋಯಿತು. ಒಂದು ಗ್ಯಾರೇಜಿನವರು ಎಂಜಿನ್ ಹೋಗಿದೆ, ಫುಲ್ ಎಂಜಿನ್ ಕೆಲಸಕ್ಕೆ 48,000 ರೂಪಾಯಿ ಆಗುತ್ತದೆ ಎಂದರು. ಇನ್ನೊಬ್ಬರು ಬೆಂಗಳೂರಿನಿಂದ ಹಳೆಯ ಎಂಜಿನ್ ತರಿಸಿ ಕೂರಿಸಲು 32,000 ಕೇಳಿದರು. ಯಾರೂ ಇನ್ನೂ ಎಂಜಿನ್ ಬಿಚ್ಚಿಲ್ಲ. ನನ್ನ ಕೈಯಲ್ಲಿರುವುದು 20,000. ಸ್ನೇಹಿತನೊಬ್ಬ ಕೆ10 ಎಂಜಿನ್ ಹಾಕಿಸು ಎನ್ನುತ್ತಾನೆ. ಗುಜರಿಗೆ ಹಾಕುವುದೇ ಒಳ್ಳೆಯದೇ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ‘ಯಾರೂ ಇನ್ನೂ ಎಂಜಿನ್ ಬಿಚ್ಚಿಲ್ಲ’ ಎಂಬ ಮಾತು. ಬಿಚ್ಚದೆ, ಅಳೆಯದೆ ಹೇಳಿದ 48,000 ಮತ್ತು 32,000 ಎರಡೂ ಅತ್ಯಂತ ಕೆಟ್ಟ ಸ್ಥಿತಿಯನ್ನು ಊಹಿಸಿಕೊಂಡು ಹೇಳಿದ ಮೊತ್ತಗಳು. ಹಾಗೆ ಹೇಳಿದ ಮೆಕ್ಯಾನಿಕ್ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಕಡಿಮೆ ಹೇಳಿ ಆಮೇಲೆ ಹೆಚ್ಚು ಕೇಳಿದರೆ ಗಿರಾಕಿಯೊಂದಿಗೆ ಜಗಳವಾಗುತ್ತದೆ ಎಂಬ ಅನುಭವದಿಂದ ಅವರು ಮೇಲಿನ ಮೊತ್ತವನ್ನೇ ಹೇಳುತ್ತಾರೆ. ಆದರೆ ಕಾದು ನಿಂತ ಎಂಜಿನ್ನುಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಸುಟ್ಟು, ಹೆಡ್ ಸ್ವಲ್ಪ ಬಾಗಿ, ಕೆಳಗಿನ ಭಾಗವೆಲ್ಲ ಚೆನ್ನಾಗಿಯೇ ಉಳಿದಿರುವಂಥವು ಬಹಳ. ನಿಮ್ಮದೂ ಹಾಗಿದ್ದರೆ ಕೆಲಸ ನಿಮ್ಮ ಇಪ್ಪತ್ತು ಸಾವಿರದೊಳಗೆ ಮುಗಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದ್ದರಿಂದ ಕೈಯಲ್ಲಿರುವ ಹಣದ ಮೊದಲ ಪಾಲು, ಅದು ಚಿಕ್ಕ ಪಾಲೇ, ಏನಾಗಿದೆಯೆಂದು ಖಚಿತವಾಗಿ ತಿಳಿಯುವುದಕ್ಕೆ ಹೋಗಲಿ. ಅಲ್ಲಿಯವರೆಗೆ ಎಂಜಿನ್ ಬದಲಿಸುವ ವಿಚಾರವನ್ನೂ ಗುಜರಿಯ ವಿಚಾರವನ್ನೂ ಬದಿಗಿಡಿ. ಇನ್ನೊಂದು ಮಾತು: ‘ಒಮ್ಮೆ ನೋಡೋಣ’ ಎಂದು ಯಾರಿಗೂ ಕೀಲಿ ತಿರುಗಿಸಲು ಬಿಡಬೇಡಿ. ಸಿಲಿಂಡರಿನೊಳಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿದಿದ್ದರೆ, ನೀರನ್ನು ಅದುಮಿ ಕುಗ್ಗಿಸಲಾಗದ ಕಾರಣ, ಸ್ಟಾರ್ಟರಿನ ಬಲಕ್ಕೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಗ್ಯಾಸ್ಕೆಟಿನಲ್ಲಿ ಮುಗಿಯಬೇಕಾದ ಕೆಲಸ ಅಲ್ಲಿಂದ ಮುಂದೆ ನಿಜವಾಗಿಯೂ ಫುಲ್ ಎಂಜಿನ್ ಕೆಲಸವಾಗುತ್ತದೆ.

ಎಂಜಿನ್ ಅತಿಯಾಗಿ ಕಾದಾಗ ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಮುಂದಿನ ಪರೀಕ್ಷೆಗಳು ತಾವಾಗಿಯೇ ಅರ್ಥವಾಗುತ್ತವೆ. ನಿಮ್ಮ ಕಾರಿನದು ಮೂರು ಸಿಲಿಂಡರಿನ ಎಂಜಿನ್. ಅದರ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಾಮೂಲಿ ಬಿಸಿಯಲ್ಲಿ ಈ ವ್ಯತ್ಯಾಸವನ್ನು ಗ್ಯಾಸ್ಕೆಟ್ ತಡೆದುಕೊಳ್ಳುತ್ತದೆ. ಮಿತಿ ಮೀರಿದಾಗ ಬೋಲ್ಟುಗಳ ಬಿಗಿಯಲ್ಲಿ ಸಿಕ್ಕಿಕೊಂಡ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಗ್ಯಾಸ್ಕೆಟ್ ಜಜ್ಜಿಹೋಗಿ ಉರಿಯುವ ಅನಿಲ ಕೂಲಂಟಿನ ದಾರಿಗೋ ಪಕ್ಕದ ಸಿಲಿಂಡರಿಗೋ ನುಗ್ಗುತ್ತದೆ. ಇದಾದ ಮೇಲೂ ಓಡಿಸಿದರೆ ಮಾತ್ರ ಪಿಸ್ಟನ್ ಹಿಗ್ಗಿ ಸಿಲಿಂಡರಿನ ಗೋಡೆಗೆ ಉಜ್ಜುವುದು, ಪಿಸ್ಟನ್ನಿನ ಸುತ್ತಲಿನ ರಿಂಗುಗಳು ತಮ್ಮ ಬಿಗಿ ಕಳೆದುಕೊಳ್ಳುವುದು, ತೆಳುವಾದ ಎಣ್ಣೆಯಿಂದಾಗಿ ಬೇರಿಂಗ್ ತೇಯುವುದು ಮುಂತಾದ ದೊಡ್ಡ ಹಾನಿಗಳು ಶುರುವಾಗುತ್ತವೆ. ನಿಮ್ಮ ಕಾರು ಈ ಎರಡು ಹಂತಗಳಲ್ಲಿ ಎಲ್ಲಿ ನಿಂತಿದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ, ಮೆಕ್ಯಾನಿಕ್ ಜೊತೆಯಲ್ಲಿದ್ದರೆ ನೀವೇ ಮಾಡಬಹುದು. ಬ್ಯಾಟರಿ ತಂತಿಯನ್ನು ಕಳಚಿ, ಮೂರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕ್ರಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಎರಡು ಪೂರ್ತಿ ಸುತ್ತು ಎಲ್ಲಿಯೂ ಸಿಕ್ಕಿಕೊಳ್ಳದೆ ತಿರುಗಿದರೆ ಎಂಜಿನ್ ಜಾಮ್ ಆಗಿಲ್ಲ ಎಂದರ್ಥ. ನಿಮ್ಮ ಅರ್ಧ ಚಿಂತೆ ಅಲ್ಲಿಗೆ ಹೋಗುತ್ತದೆ. ತಿರುಗದಿದ್ದರೂ ಉದ್ದನೆಯ ಪೈಪು ಹಾಕಿ ಬಲವಂತ ಮಾಡಬೇಡಿ. ತಿರುಗಿಸುವಾಗ ಯಾವುದಾದರೂ ಪ್ಲಗ್ ತೂತಿನಿಂದ ನೀರು ಚಿಮ್ಮಿದರೆ ಆ ಸಿಲಿಂಡರಿಗೆ ಕೂಲಂಟ್ ಇಳಿದಿದೆ. ಬಿಚ್ಚಿದ ಪ್ಲಗ್ಗುಗಳನ್ನು ಅದೇ ಕ್ರಮದಲ್ಲಿ ಸಾಲಾಗಿ ಇಟ್ಟು ನೋಡಿ: ಎರಡು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ, ಆವಿಯಾದ ಕೂಲಂಟ್ ಅದನ್ನು ತೊಳೆದಿದೆಯೆಂದು ತಿಳಿಯಬೇಕು.

ಎಣ್ಣೆಯ ವಿಷಯದಲ್ಲಿ ಕೊಡಗಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಕಂಡರೆ ಗ್ಯಾಸ್ಕೆಟ್ ಹೋಗಿದೆಯೆಂದು ಹೇಳುವುದು ವಾಡಿಕೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದ ಹವೆಯಲ್ಲಿ, ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗದೆ, ಒಳಗಿನ ಆವಿ ಅದೇ ಮುಚ್ಚಳದಲ್ಲಿ ತಣಿದು ಎಣ್ಣೆಯೊಂದಿಗೆ ಸೇರಿ ಇಂಥದೇ ನೊರೆಯಾಗುತ್ತದೆ. ಆದ್ದರಿಂದ ಮುಚ್ಚಳವನ್ನು ನಂಬದೆ ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಬೇಕು. ಅದರ ಮೇಲೂ ಎಣ್ಣೆ ಬಿಳಿಚಿದ್ದರೆ, ಅಥವಾ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ, ಕೆಳಗೆ ನೀರು ಸೇರಿರುವುದು ಖಚಿತ. ಆಗ ಆ ಎಣ್ಣೆಯನ್ನು ಆ ದಿನವೇ ಇಳಿಸಿಬಿಡಿ. ನೀರು ಬೆರೆತ ಎಣ್ಣೆಯಲ್ಲಿ ವಾರಗಟ್ಟಲೆ ನಿಂತ ಬೇರಿಂಗುಗಳು ತುಕ್ಕು ಹಿಡಿಯುತ್ತವೆ.

ಎರಡನೆಯದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ಗೇಜಿನಿಂದ ಅಳೆಯುವುದು. ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗಿ, ಸಿಲಿಂಡರಿನಲ್ಲಿ ನೀರಿಲ್ಲವೆಂದು ಖಾತ್ರಿಯಾದ ಮೇಲೆಯೇ ಇದನ್ನು ಮಾಡಿಸಬೇಕು. ಮೂರೂ ಪ್ಲಗ್ ಬಿಚ್ಚಿ, ಇಂಧನವನ್ನೂ ಕಿಡಿಯನ್ನೂ ನಿಲ್ಲಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಚಾರ್ಜ್ ತುಂಬಿದ ಬ್ಯಾಟರಿಯಿಂದ ಸ್ಟಾರ್ಟರ್ ತಿರುಗಿಸಿ, ಒಂದೊಂದು ಸಿಲಿಂಡರಿನ ಅಳತೆಯನ್ನೂ ಬರೆದುಕೊಳ್ಳಬೇಕು. ಇಲ್ಲಿಯೂ ನಮ್ಮ ಎತ್ತರದ ಲೆಕ್ಕ ಬರುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ; ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 12ರಿಂದ 13ರಷ್ಟು ಕಡಿಮೆ, ಹಾಗಾಗಿ ಗೇಜ್ ತೋರಿಸುವ ಅಂಕಿಯೂ ಅಷ್ಟೇ ಕಡಿಮೆ. ಮಂಗಳೂರಿನಲ್ಲಿ 180 ಪಿಎಸ್‌ಐ ತೋರಿಸುವ ಒಳ್ಳೆಯ ಎಂಜಿನ್ ಮಡಿಕೇರಿಯ ಗ್ಯಾರೇಜಿನಲ್ಲಿ 157ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೈಪಿಡಿಯ ಅಂಕಿಯನ್ನು ನೇರವಾಗಿ ಹೋಲಿಸಿ ‘ರಿಂಗ್ ತೇದಿದೆ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ವಿನಯದಿಂದಲೇ ನೆನಪಿಸಿ. ನಿಮ್ಮ ಪೊನ್ನಂಪೇಟೆಯ ಎತ್ತರ ಮಡಿಕೇರಿಗಿಂತ ಕಡಿಮೆ, ವ್ಯತ್ಯಾಸವೂ ಅದಕ್ಕೆ ತಕ್ಕಂತೆ ಕಡಿಮೆ. ಯಾವ ಊರಿನಲ್ಲೇ ಆಗಲಿ, ಒಂಟಿ ಅಂಕಿಗಿಂತ ಮೂರು ಸಿಲಿಂಡರುಗಳ ನಡುವಿನ ಹೊಂದಾಣಿಕೆಯೇ ಹೆಚ್ಚು ಹೇಳುತ್ತದೆ.

ಮೂರೂ ಹತ್ತಿರ ಹತ್ತಿರ ಸಮವಾಗಿದ್ದರೆ ಸಂತೋಷಪಡಿ. ಅಕ್ಕಪಕ್ಕದ ಎರಡು ಮಾತ್ರ ಬಹಳ ಇಳಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಇಳಿದಿದ್ದರೆ ಆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿಸಿ. ಅಂಕಿ ಗಣನೀಯವಾಗಿ ಏರಿದರೆ ಸೋರಿಕೆ ರಿಂಗಿನ ಕಡೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಅಂದರೆ ಹೆಡ್ ಬಿಚ್ಚಿದರೆ ಕೈಗೆ ಸಿಗುವ ದೋಷ. ಈ ಒಂದು ಚಮಚ ಎಣ್ಣೆ ಹೆಡ್ ಕೆಲಸವನ್ನೂ ಫುಲ್ ಎಂಜಿನ್ ಕೆಲಸವನ್ನೂ ಬೇರೆ ಮಾಡಿ ತೋರಿಸುತ್ತದೆ, ಆದರೂ ಬಹಳ ಕಡೆ ಇದನ್ನು ಮಾಡುವುದೇ ಇಲ್ಲ. ಎಂಜಿನ್ ನಿಲ್ಲುವ ಮೊದಲು ಕೆಳಗಿನಿಂದ ಕಟಕಟ ಎಂಬ ಭಾರವಾದ ಬಡಿತ ಕೇಳಿತ್ತೇ ಎಂಬುದನ್ನೂ ನೆನಪು ಮಾಡಿಕೊಂಡು ಮೆಕ್ಯಾನಿಕ್‌ಗೆ ತಿಳಿಸಿ. ಅದು ಬೇರಿಂಗಿನ ಸದ್ದಾಗಿದ್ದರೆ ಹೆಡ್ ಒಂದನ್ನೇ ಸರಿಪಡಿಸಿ ಪ್ರಯೋಜನವಿಲ್ಲ.

ಇಷ್ಟರಿಂದ ಹೆಡ್ ಕಡೆಯ ದೋಷವೆಂದು ತೋರಿದರೆ, ‘ಹೆಡ್ ಮಾತ್ರ ಬಿಚ್ಚಿ, ಸಿಲಿಂಡರ್ ತೋರಿಸಿ, ಆಮೇಲೆ ಮುಂದಿನದನ್ನು ಮಾತಾಡೋಣ’ ಎಂದು ಬಿಚ್ಚುವ ಕೂಲಿಯನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಹೆಡ್ ಗ್ಯಾಸ್ಕೆಟ್ ಕೆಲಸ, ಲೇತಿನ ಖರ್ಚೂ ಸೇರಿ, ಸಾಮಾನ್ಯವಾಗಿ ಫುಲ್ ಎಂಜಿನ್ ಕೆಲಸದ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ಬರುತ್ತದೆ. ಅದರಲ್ಲಿ ಹಣ ಉಳಿಸಬಾರದ ಕಡೆಗಳು ಕೆಲವಿವೆ, ಅವುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎರಡನೆಯ ಸಲ ಅದೇ ಗ್ಯಾಸ್ಕೆಟ್ ಹೋಗುವುದು ಇಲ್ಲಿಯ ಅಜಾಗ್ರತೆಯಿಂದಲೇ.

ಬಿಚ್ಚಿದ ಹೆಡ್ಡನ್ನು ಲೇತಿಗೆ ಕಳುಹಿಸಿ ಅಳೆಯಿಸಲೇಬೇಕು. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೈಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ಫೀಲರ್ ಗೇಜಿನಿಂದ ನೋಡಿದಾಗ, ಇಂಥ ಚಿಕ್ಕ ಎಂಜಿನ್ನುಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚಿನ ಸಂದು ಇರಬಾರದು. ಇದ್ದರೆ ಫೇಸಿಂಗ್ (ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡುವುದು) ಮಾಡಿಸಬೇಕು, ಅದೂ ಸಮತಟ್ಟಾಗುವಷ್ಟು ಮಾತ್ರ. ಹೆಚ್ಚು ತೆಗೆದರೆ ಕಂಪ್ರೆಷನ್ ಅನುಪಾತ ಏರಿ ಎಂಜಿನ್ ಬಡಿಯತೊಡಗುತ್ತದೆ. ಹಿಂದೊಮ್ಮೆ ಫೇಸಿಂಗ್ ಆಗಿರುವ ಹೆಡ್ ಆಗಿದ್ದರೆ ಉಳಿದ ದಪ್ಪವನ್ನು ಅಳೆದ ಮೇಲೆಯೇ ಕೈ ಹಾಕಬೇಕು. ಫೇಸಿಂಗಿಗೆ ಮುಂಚೆ ಒತ್ತಡದ ಪರೀಕ್ಷೆ ಮಾಡಿಸಿ, ವಾಲ್ವ್ ಸೀಟುಗಳ ನಡುವೆ ಬಿರುಕು ಬಿಟ್ಟಿದೆಯೇ ಎಂದು ನೋಡಿಸಬೇಕು. ಬಿರುಕು ಬಿಟ್ಟ ಹೆಡ್ಡಿಗೆ ಫೇಸಿಂಗ್ ಕೊಟ್ಟರೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಅಲ್ಲಿರುವಾಗಲೇ ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಸೋರದಂತೆ ಕೂರಿಸುವುದು) ಮತ್ತು ವಾಲ್ವ್ ಸೀಲುಗಳ ಬದಲಾವಣೆ ಮುಗಿಸಿಬಿಡಿ, ಏಕೆಂದರೆ ಕಾದ ಎಂಜಿನ್ನಿನಲ್ಲಿ ಆ ರಬ್ಬರ್ ಸೀಲುಗಳು ಗಟ್ಟಿಯಾಗಿರುತ್ತವೆ. ಟೈಮಿಂಗ್ ಬೆಲ್ಟನ್ನು ಹೇಗಿದ್ದರೂ ತೆಗೆಯಲೇಬೇಕಾದ್ದರಿಂದ ಅದನ್ನೂ ಹೊಸದು ಹಾಕಿಸಿ; ಮುಂದೆ ಅದಕ್ಕೆಂದೇ ಕೊಡುವ ಕೂಲಿ ಉಳಿಯುತ್ತದೆ.

ಗ್ಯಾರೇಜಿನಲ್ಲಿ ಕೂರಿಸುವಾಗ ನೀವು ಎದುರಿಗೆ ನಿಂತು ನೋಡಬೇಕಾದವು ಇವು. ಬ್ಲಾಕಿನ ಮೇಲ್ಮೈಯ ಹಳೆಯ ಗ್ಯಾಸ್ಕೆಟನ್ನು ಕೈಯಿಂದ ನಿಧಾನವಾಗಿ ಕೆರೆದು ತೆಗೆಯಬೇಕು. ಗ್ರೈಂಡರಿಗೆ ಉಜ್ಜುವ ಚಕ್ರ ಹಾಕಿ ತೆಗೆದರೆ ಅದರ ಪುಡಿ ಎಣ್ಣೆಯ ದಾರಿಗೆ ಬಿದ್ದು ಹೊಸ ಬೇರಿಂಗನ್ನೂ ತಿಂದುಹಾಕುತ್ತದೆ. ಬೋಲ್ಟಿನ ತೂತುಗಳಲ್ಲಿ ನಿಂತ ಎಣ್ಣೆ, ನೀರನ್ನು ಗಾಳಿಯಿಂದ ಊದಿ ಒಣಗಿಸಬೇಕು, ಇಲ್ಲದಿದ್ದರೆ ಬೋಲ್ಟ್ ಬಿಗಿಯಾದಂತೆ ತೋರುತ್ತದೆ ಹೊರತು ಹೆಡ್ ಕಚ್ಚಿರುವುದಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿಯ ಕ್ರಮದಲ್ಲಿ, ಹಂತಹಂತವಾಗಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಆ ಉಪಕರಣ ಇಲ್ಲದ, ‘ಕೈ ಅಂದಾಜು ಸಾಕು’ ಎನ್ನುವ ಗ್ಯಾರೇಜಿಗೆ ಹೆಡ್ ಕೆಲಸವನ್ನು ಕೊಡಬೇಡಿ. ಅವರು ಬೇರೆ ಕೆಲಸಗಳಲ್ಲಿ ಎಷ್ಟೇ ಪಳಗಿದವರಾಗಿದ್ದರೂ ಈ ಮಾತನ್ನು ನಾನು ಸಡಿಲಿಸುವುದಿಲ್ಲ. ಗ್ಯಾಸ್ಕೆಟ್ ಕಂಪನಿಯದೇ ಇರಲಿ.

ಹೆಡ್ ತೆಗೆದಾಗ ಮೂರೂ ಸಿಲಿಂಡರುಗಳ ಗೋಡೆಯನ್ನು ದೀಪ ಹಿಡಿದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ನುಣುಪಾಗಿದ್ದು, ಉಗುರಿಗೆ ತಾಗದಂಥ ತೆಳು ಗೆರೆಗಳಷ್ಟೇ ಇದ್ದರೆ ಕೆಳಗಿನ ಭಾಗವನ್ನು ಮುಟ್ಟಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು ಮೇಲಿನಿಂದ ಕೆಳಕ್ಕೆ ಇದ್ದರೆ ಪಿಸ್ಟನ್ ಉಜ್ಜಿದೆ. ಇವೆರಡರ ನಡುವಿನ ಸ್ಥಿತಿಗೆ ಹಾಫ್ ಎಂಜಿನ್ ಕೆಲಸ ಎನ್ನುತ್ತಾರಲ್ಲ, ಅದು ಸಾಕಾಗಬಹುದು: ಕೆಳಗಿನ ಸಂಪ್ (ಎಂಜಿನ್ ಎಣ್ಣೆ ನಿಲ್ಲುವ ತಟ್ಟೆ) ಬಿಚ್ಚಿ, ಪಿಸ್ಟನ್ನುಗಳನ್ನು ಮೇಲಕ್ಕೆ ತೆಗೆದು, ಗೋಡೆಗೆ ಹೋನಿಂಗ್ (ಕಲ್ಲಿನಿಂದ ನವಿರಾಗಿ ಉಜ್ಜುವುದು) ಕೊಟ್ಟು, ಹೊಸ ರಿಂಗು ಮತ್ತು ಬೇರಿಂಗುಗಳನ್ನು ಹಾಕುವುದು. ಆದರೆ ಸಿಲಿಂಡರಿನ ತೇಯ್ಮೆ ಮಿತಿಯೊಳಗೆ ಇದೆಯೇ ಎಂದು ಬೋರ್ ಗೇಜಿನಿಂದ ಅಳೆದ ಮೇಲೆಯೇ ಇದಕ್ಕೆ ಒಪ್ಪಿ. ಅಂಡಾಕಾರಕ್ಕೆ ತಿರುಗಿದ ಸಿಲಿಂಡರಿಗೆ ಹೊಸ ರಿಂಗ್ ಹಾಕಿದರೆ ಅದು ಕೆಲವೇ ತಿಂಗಳ ಸಂತೋಷ. ತೇಯ್ಮೆ ಹೆಚ್ಚಿದ್ದರೆ ಬೋರ್ ಹೊಡೆಸಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ, ಅಲ್ಲಿಗೆ ನಿಮ್ಮ ಮೊದಲ ಗ್ಯಾರೇಜಿನವರು ಹೇಳಿದ ಮೊತ್ತದ ಹತ್ತಿರಕ್ಕೆ ಹೋಗುತ್ತೀರಿ.

ಇಲ್ಲಿ ವಿದ್ಯಾರ್ಥಿಯಾದ ನಿಮಗೆ ನನ್ನ ಅಭಿಪ್ರಾಯವೊಂದಿದೆ. ಗ್ಯಾಸ್ಕೆಟ್ ಕೆಲಸವಾದ ಮೇಲೆ ಎಂಜಿನ್ ಸಾವಿರ ಕಿಲೋಮೀಟರಿಗೆ ಕಾಲು ಲೀಟರೋ ಅರ್ಧ ಲೀಟರೋ ಎಣ್ಣೆ ಕುಡಿದರೆ, ಅದನ್ನು ರಿಪೇರಿ ಮಾಡಿಸಲೇಬೇಕಾದ ರೋಗವೆಂದು ಎಣಿಸಬೇಡಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಎಣ್ಣೆ ಸೇರಿಸುತ್ತ ಓದು ಮುಗಿಯುವವರೆಗೆ ಓಡಿಸಬಹುದು, ಹೊಗೆ ಪರೀಕ್ಷೆಯಲ್ಲಿ ಪಾಸಾಗುವವರೆಗೆ. ಇಪ್ಪತ್ತು ಮೂವತ್ತು ಸಾವಿರ ಸಾಲ ಮಾಡಿ ರಿಂಗ್ ಹಾಕಿಸುವುದಕ್ಕಿಂತ ಅದು ವಿವೇಕದ ದಾರಿ.

ಹಳೆಯ ಎಂಜಿನ್ ತರಿಸುವ ಆಲೋಚನೆ ಸರಿಯಾಗುವುದು ಕ್ರಾಂಕ್ ಕೆಟ್ಟಿದ್ದರೆ, ಬ್ಲಾಕ್ ಬಿರುಕು ಬಿಟ್ಟಿದ್ದರೆ, ಇಲ್ಲವೇ ಎಂಜಿನ್ ಪೂರ್ತಿ ಜಾಮ್ ಆಗಿದ್ದರೆ. ಆಗ ಫುಲ್ ಎಂಜಿನ್ ಕೆಲಸಕ್ಕಿಂತ ಅದೇ ಅಗ್ಗ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಈ ಕಾರಿನ ಎಂಜಿನ್ನುಗಳು ಸಿಗುತ್ತವೆ. ಬಹಳ ಮಾರಾಟವಾದ ಕಾರು ನಿಮ್ಮದಾಗಿರುವುದೇ ನಿಮ್ಮ ಭಾಗ್ಯ. ಆದರೆ ಫೋನಿನಲ್ಲಿ ಬೆಲೆ ಕೇಳಿ ಬಸ್ಸಿನಲ್ಲಿ ಹಾಕಿಸಿಕೊಳ್ಳುವ ವಸ್ತು ಇದಲ್ಲ. ನೆಲದ ಮೇಲಿಟ್ಟ ಎಂಜಿನ್ನಿಗೂ ಸ್ಟಾರ್ಟರ್ ಮತ್ತು ಬ್ಯಾಟರಿ ಕೊಟ್ಟು ಕಂಪ್ರೆಷನ್ ಅಳೆಯಬಹುದು. ಅಳೆಯಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯೂ ಗಾಳಿಯ ಒತ್ತಡ ಕಡಿಮೆಯೇ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎಣ್ಣೆ ಮುಚ್ಚಳ, ಪ್ಲಗ್ಗುಗಳು, ನೀರಿನ ದಾರಿಯ ತುಕ್ಕು ಇವನ್ನು ನೋಡಿ. ಒಳಗೆಲ್ಲಾದರೂ ಮಣ್ಣಿನ ಪದರ ಕಂಡರೆ ಅದು ನೆರೆಯಲ್ಲಿ ಮುಳುಗಿದ ಕಾರಿನದು, ಎಷ್ಟು ಅಗ್ಗವಾದರೂ ಬೇಡ. ಕಾರ್ಬ್ಯುರೇಟರ್ ಕಾಲದ ಮಾರುತಿ 800ರ ಎಂಜಿನ್ನನ್ನು ‘ಅದೇ 796 ಸಿಸಿ’ ಎಂದು ಕೊಡಲು ಬಂದರೂ ಬೇಡ. ನಿಮ್ಮದೇ ಮಾದರಿಯ, ಅದೇ ಮಾಲಿನ್ಯ ಮಾನದಂಡದ ಎಂಜಿನ್ನೇ ಆಗಬೇಕು. ಸೆನ್ಸರುಗಳು, ವೈರಿಂಗ್, ಆಲ್ಟರ್ನೇಟರ್ ನಿಮ್ಮ ಕಾರಿನವೇ ಉಳಿಯಲಿ.

ಇಷ್ಟೇ ಮುಖ್ಯವಾದದ್ದು ಕಾಗದಪತ್ರ. ಎಂಜಿನ್ ಸಂಖ್ಯೆ ನಿಮ್ಮ ಆರ್‌ಸಿಯಲ್ಲಿದೆ. ಹಳೆಯ ಎಂಜಿನ್ ಎಂದರೆ ಬೇರೆ ಸಂಖ್ಯೆ, ಅದು ಕಳುವಾದ ಕಾರಿನದೂ ಆಗಿರಬಹುದು. ಎಂಜಿನ್ ಸಂಖ್ಯೆ ನಮೂದಾದ ಬಿಲ್ ಮತ್ತು ಅದು ಯಾವ ಕಾರಿನದೆಂಬ ದಾಖಲೆ ಇಲ್ಲದೆ ಹಣ ಕೊಡಬೇಡಿ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ಎಂಜಿನ್ ಬದಲಾದುದನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ನಿಮ್ಮ ವಿಷಯದಲ್ಲಿ ಮಡಿಕೇರಿಯ ಆರ್‌ಟಿಒ ಕಚೇರಿಗೆ, ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು. ಕೈ ಹಾಕುವ ಮುನ್ನವೇ ಆ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಇನ್ನೂ ಸುರಕ್ಷಿತ. ವಿಮೆ ಕಂಪನಿಗೂ ಬರೆದು ತಿಳಿಸಿ. ಆರ್‌ಸಿಯಲ್ಲೊಂದು ಸಂಖ್ಯೆ, ಕಾರಿನಲ್ಲೊಂದು ಸಂಖ್ಯೆ ಇದ್ದರೆ ಅಪಘಾತದ ದಿನ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಈಗಿನ ಹಾನಿಗೆ ವಿಮೆಯಿಂದ ಪರಿಹಾರ ಬರುತ್ತದೆಯೇ ಎಂಬ ಆಸೆ ಇದ್ದರೆ, ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ಯಾಂತ್ರಿಕ ಕೆಡುಕಿಗೆ ಅನ್ವಯಿಸುವುದಿಲ್ಲ.

ಕೆ10 ಎಂಜಿನ್ನಿನ ಸಲಹೆಯನ್ನು ಕೈಬಿಡಿ. ಅದು 998 ಸಿಸಿಯ ಬೇರೆಯೇ ಕುಟುಂಬದ ಎಂಜಿನ್. ಮೌಂಟಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಎಲ್ಲವನ್ನೂ ಹೊಂದಿಸುವ ಹೊತ್ತಿಗೆ ಇನ್ನೊಂದು ಹಳೆಯ ಕಾರಿನ ಬೆಲೆಯೇ ಆಗಿರುತ್ತದೆ, ಮತ್ತು ಆರ್‌ಸಿಯಲ್ಲಿ ಸಿಸಿ ಬದಲಾವಣೆಗೆ ಒಪ್ಪಿಗೆ ಪಡೆಯುವುದು ಸುಲಭವಲ್ಲ.

ಇನ್ನು ಎಲ್ಲರೂ ಮರೆಯುವ ವಿಷಯಕ್ಕೆ ಬರುತ್ತೇನೆ: ಎಂಜಿನ್ ಕಾದದ್ದೇಕೆ? ಗ್ಯಾಸ್ಕೆಟ್ ಹೋದದ್ದು ಪರಿಣಾಮ, ಕಾರಣ ಬೇರೆಲ್ಲೋ ಇದೆ. ಅದನ್ನು ಹುಡುಕದೆ ಹೊಸ ಎಂಜಿನ್ ಹಾಕಿದರೂ ಅದು ಮುಂದಿನ ಸಲ ಅದೇ ಘಟ್ಟದಲ್ಲಿ ನಿಲ್ಲುತ್ತದೆ. ಸಂಪಾಜೆಯಿಂದ ಮೇಲಕ್ಕೆ ಎರಡನೆಯ ಮೂರನೆಯ ಗೇರಿನಲ್ಲಿ ಏರುವಾಗ ಎಂಜಿನ್ ದುಡಿಯುವುದು ಹೆಚ್ಚು, ಎದುರುಗಾಳಿ ಸಿಗುವುದು ಕಡಿಮೆ. ಇಡೀ ಭಾರ ರೇಡಿಯೇಟರ್ ಫ್ಯಾನಿನ ಮೇಲೆ ಬೀಳುತ್ತದೆ. ಆದ್ದರಿಂದ ಫ್ಯಾನಿನ ಮೋಟಾರು, ಫ್ಯೂಸ್, ರಿಲೇ, ಅದನ್ನು ಚಾಲೂ ಮಾಡುವ ಸೆನ್ಸರ್ ಇವುಗಳನ್ನು ಮೊದಲು ನೋಡಿಸಿ. ಕೂಲಂಟ್ ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದಾಗ ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆಯಲಾರಂಭಿಸಬೇಕು. ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಕೆಲವರು ಥರ್ಮೋಸ್ಟಾಟನ್ನೇ ತೆಗೆದುಹಾಕುತ್ತಾರೆ. ಮಡಿಕೇರಿಯ ಚಳಿಯಲ್ಲಿ ಹಾಗೆ ಓಡಿಸಿದರೆ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಎಣ್ಣೆ ಹಾಳಾಗುತ್ತದೆ.

ರೇಡಿಯೇಟರಿನ ಮುಚ್ಚಳದ ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷ ಗಮನ ಕೊಡಬೇಕು. ತೆರೆದ ಪಾತ್ರೆಯ ನೀರು ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಕೂಲಂಟ್ ನೂರು ದಾಟಿದರೂ ಕುದಿಯದಂತೆ ಕಾಯುವುದು ಒಳಗಿನ ಒತ್ತಡ, ಆ ಒತ್ತಡವನ್ನು ಹಿಡಿದಿಡುವುದು ಮುಚ್ಚಳದ ಸ್ಪ್ರಿಂಗು ಮತ್ತು ರಬ್ಬರು. ಆ ರಬ್ಬರು ಬಿರಿದಿದ್ದರೆ ಕರಾವಳಿಯಲ್ಲಿ ಹೇಗೋ ನಡೆಯುವ ಕಾರು ಘಟ್ಟ ಹತ್ತಿದೊಡನೆ ಕುದಿಯುತ್ತದೆ. ಎಂಜಿನ್ನಿನ ಬೆಲೆಯ ಮುಂದೆ ಹೊಸ ಮುಚ್ಚಳದ ಬೆಲೆ ಏನೇನೂ ಅಲ್ಲ, ಪರೀಕ್ಷೆಗೂ ಕಾಯದೆ ಬದಲಿಸಿ. ರೇಡಿಯೇಟರಿನ ಹೊರಗಿನ ಜಾಲರಿಯಲ್ಲಿ ತೋಟದ ರಸ್ತೆಯ ಕೆಂಪು ಮಣ್ಣು, ಎಲೆಚೂರು ಕಟ್ಟಿಕೊಂಡಿದ್ದರೆ ಒಳಗಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಒಳಗಡೆ ತುಕ್ಕಿನ ಕೆಸರಿದ್ದರೆ, ಬಹುಶಃ ಯಾರೋ ವರ್ಷಗಟ್ಟಲೆ ಬರಿ ನೀರನ್ನೇ ತುಂಬಿದ್ದಾರೆ. ರೇಡಿಯೇಟರ್ ಬದಲಿಸುವುದೇ ಕೊನೆಗೆ ಅಗ್ಗವಾಗುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಅಭ್ಯಾಸವನ್ನು ನಡುದಾರಿಯಲ್ಲಿ ಮನೆ ಸೇರಲು ಬಳಸಿದರೆ ನಾನು ತಪ್ಪೆನ್ನುವುದಿಲ್ಲ, ಆದರೆ ಅದು ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಆಮೇಲೆ ಪೂರ್ತಿ ತೊಳೆಯದೆ ಬಿಡಬಾರದು. ಗ್ಯಾಸ್ಕೆಟ್ ಸೋರಿಕೆ ನಿಲ್ಲಿಸುತ್ತೇವೆ ಎನ್ನುವ ಬಾಟಲಿಯ ದ್ರವಗಳಿಗೆ ಹಣ ಹಾಕಬೇಡಿ.

ಈಗ ಲೆಕ್ಕ. ನಿಮ್ಮ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ 2027ಕ್ಕೆ, ಮುಗಿಯುತ್ತದೆ. ಆಮೇಲೆ ಐದು ವರ್ಷಕ್ಕೆ ನವೀಕರಿಸಬೇಕಾದರೆ ಫಿಟ್‌ನೆಸ್ ತಪಾಸಣೆ ಆಗಬೇಕು, 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕವೇ 5,000 ರೂಪಾಯಿ ಆಗಿದೆ, ಹಸಿರು ತೆರಿಗೆ ಬೇರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಸಲಹೆ ಹೀಗಿದೆ: ದೋಷ ಹೆಡ್ಡಿನಲ್ಲೇ ಇದ್ದರೆ ಯೋಚಿಸದೆ ರಿಪೇರಿ ಮಾಡಿಸಿ, ಇಪ್ಪತ್ತು ಸಾವಿರದಲ್ಲಿ ನಾಲ್ಕೈದು ಸಾವಿರವನ್ನು ರೇಡಿಯೇಟರ್ ಕಡೆಯ ಕೆಲಸಕ್ಕೆಂದು ಮೊದಲೇ ಎತ್ತಿಡಿ. ಕೆಳಗಿನ ಭಾಗವೂ ಕೆಟ್ಟಿದ್ದರೆ, ಕಾರಿನ ತಳದ ತಗಡು ನಮ್ಮ ಮಳೆಗೆ ಎಷ್ಟು ತುಕ್ಕು ಹಿಡಿದಿದೆ ಎಂದು ಲಿಫ್ಟಿನ ಮೇಲೆತ್ತಿಸಿ ನೋಡಿ. ತಳ ಗಟ್ಟಿಯಾಗಿದ್ದು ಕಾಗದಪತ್ರ ಸರಿಯಿರುವ ಹಳೆಯ ಎಂಜಿನ್ ಸಿಕ್ಕರೆ, ಉಳಿದ ಹನ್ನೆರಡು ಸಾವಿರ ಕೂಡುವವರೆಗೆ ಕಾರನ್ನು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಕಾಯುವುದರಲ್ಲಿ ತಪ್ಪಿಲ್ಲ. ತಳವೂ ತುಕ್ಕು ಹಿಡಿದಿದ್ದರೆ ಆ ಕಾರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇದ್ದ ಸ್ಥಿತಿಯಲ್ಲೇ ಬಿಡಿಭಾಗದವರಿಗೆ ಮಾರಿ, ಮಾರುವ ಮುನ್ನ ಆರ್‌ಸಿಯ ವರ್ಗಾವಣೆ ಅಥವಾ ರದ್ದತಿಯನ್ನು ಬರವಣಿಗೆಯಲ್ಲಿ ಮುಗಿಸಿಕೊಳ್ಳಿ. 48,000ದ ಫುಲ್ ಎಂಜಿನ್ ಕೆಲಸವನ್ನು ಮಾತ್ರ, ಯಾವ ಸಂದರ್ಭದಲ್ಲಿಯೂ, ಈ ವಯಸ್ಸಿನ ಕಾರಿಗೆ ಸಾಲ ಮಾಡಿ ಮಾಡಿಸಬೇಡಿ.

ಕೆಲಸ ಮುಗಿದು ಕಾರು ಕೈಗೆ ಬಂದಾಗ ಕೂಲಂಟನ್ನು ಶುದ್ಧ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುವವರೆಗೆ ಫ್ಯಾನ್ ಎರಡು ಮೂರು ಸಲ ಚಾಲೂ ಆಗಿ ನಿಲ್ಲುವಷ್ಟು ಹೊತ್ತು ಎಂಜಿನ್ ನಡೆಸಬೇಕು. ಮೊದಲ ಓಡಾಟವನ್ನು ಪೊನ್ನಂಪೇಟೆ, ಗೋಣಿಕೊಪ್ಪಲಿನ ನಡುವಿನ ಸಮತಟ್ಟು ರಸ್ತೆಯಲ್ಲಿ ಮಾಡಿ. ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟಿನ ಮಟ್ಟ ನೋಡಿ, ಇಳಿದಿದ್ದರೆ ತುಂಬಿಸಿ. ಮೂರು ನಾಲ್ಕು ದಿನ ಇದೇ ರೀತಿ ನೋಡಿದಾಗಲೂ ಇಳಿಯುತ್ತಲೇ ಇದ್ದರೆ ಗ್ಯಾರೇಜಿಗೆ ಹಿಂತಿರುಗಿ. 1,000 ಕಿಲೋಮೀಟರ್ ಆದೊಡನೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಅಲ್ಲಿಯವರೆಗೆ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ. ಆಮೇಲೆ ಘಟ್ಟ ಹತ್ತುವಾಗ ಮುಳ್ಳು ನಡುವಿಗಿಂತ ಮೇಲೇರಿದರೆ ಕೂಡಲೇ ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಅದು ಎಂಜಿನ್ನಿನ ಬಿಸಿಯನ್ನು ಒಳಕ್ಕೆ ಎಳೆದುಕೊಂಡು ಸ್ವಲ್ಪ ಸಮಯ ಕೊಡುತ್ತದೆ. ಆದರೂ ಇಳಿಯದಿದ್ದರೆ ಮಳೆಯಾಗಲಿ ಕತ್ತಲಾಗಲಿ, ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಬಾನೆಟ್ ತೆರೆದು, ಮುಚ್ಚಳಕ್ಕೆ ಕೈ ಹಾಕದೆ, ಮೇಲೆ ತಣ್ಣೀರು ಸುರಿಯದೆ, ಕನಿಷ್ಠ ಮುಕ್ಕಾಲು ಗಂಟೆ ತಣಿಯಲು ಬಿಡಿ.